ಸಂಧಿವಾತಕ್ಕೆ ಗಿಡಮೂಲಿಕೆ ಸಾರ: ನೋವು ಕಡಿಮೆಯಾದರೆ ಸಾಕೇ, ಕೀಲೂ ಉಳಿಯಬೇಕಲ್ವಾ?

ಚಿಗುರು

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಮಾತ್ರೆ ನುಂಗಿದ ಮರುದಿನ ಪೂರ್ತಿ ವಾಕರಿಕೆ, ಸುಸ್ತು. ಅದಕ್ಕೆ ಬೇಸತ್ತು ಅರಿಶಿನದ ಸಾರದ ಕ್ಯಾಪ್ಸೂಲ್ ಮತ್ತು ಶಲ್ಲಕಿ ಕ್ಯಾಪ್ಸೂಲ್ ಶುರು ಮಾಡಿದ್ದಾಳೆ. ನೋವು ಸ್ವಲ್ಪ ಕಡಿಮೆಯಾಗಿದೆ ಅನ್ನುತ್ತಾಳೆ. ಈಗ ಮೆಥೊಟ್ರೆಕ್ಸೇಟ್ ಬಿಟ್ಟುಬಿಡುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ಅವಳು ಸುಮ್ನೆ ಏನನ್ನೋ ನಂಬಿ ಮಾತಾಡುವವಳಲ್ಲ. ಸಂಶೋಧನಾ ಲೇಖನಗಳನ್ನೇ ತೋರಿಸುತ್ತಾಳೆ. "ಈ ಗಿಡದ ಸಾರ ಉರಿಯೂತ ತಗ್ಗಿಸುತ್ತದೆ" ಅಂತ ಪ್ರತಿಯೊಂದರಲ್ಲೂ ಬರೆದಿದೆ. ನನಗೆ ಎದುರು ಹೇಳಲು ಏನೂ ತೋಚುವುದಿಲ್ಲ. ಈ ಸಾರಗಳಲ್ಲಿ ನಿಜಕ್ಕೂ ಶಕ್ತಿ ಇದೆಯಾ? ಇದ್ದರೆ ಅವು ಮೆಥೊಟ್ರೆಕ್ಸೇಟಿನ ಜಾಗಕ್ಕೆ ಬರಬಹುದಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮದ್ದಿನಮನೆ

ಚಿಗುರು ಅವರೇ, ನಾನು ಔಷಧಶಾಸ್ತ್ರ ಓದಿ, ಅದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಬೇರೆ ಬೇರೆ. ಶಕ್ತಿ ಇದೆಯಾ ಅಂದರೆ, ಕೆಲವಕ್ಕೆ ಇದೆ. ಮೆಥೊಟ್ರೆಕ್ಸೇಟಿನ ಜಾಗಕ್ಕೆ ಬರಬಹುದಾ ಅಂದರೆ, ಈಗಿರುವ ಪುರಾವೆ ನೋಡಿದರೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ರುಮಟಾಯ್ಡ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ಅಲ್ಲಿ ಜಾಸ್ತಿಯಾಗುತ್ತವೆ. ಪೊರೆ ದಪ್ಪಗಾಗಿ, ಪಕ್ಕದ ಕಾರ್ಟಿಲೇಜ್ ಮತ್ತು ಮೂಳೆಯನ್ನು ಕೊರೆಯಲು ಶುರು ಮಾಡುತ್ತದೆ. ಈ ಕೊರೆತ ಅನೇಕರಲ್ಲಿ ಕಾಯಿಲೆ ಬಂದ ಮೊದಲ 2 ವರ್ಷಗಳಲ್ಲೇ ಎಕ್ಸ್‌ರೇಯಲ್ಲಿ ಕಾಣುತ್ತದೆ. ಒಮ್ಮೆ ಕೊರೆದ ಮೂಳೆ ಮೊದಲಿನ ಹಾಗೆ ಆಗುವುದಿಲ್ಲ.

ಇಲ್ಲಿ ನೋವು ಒಂದು, ಕೊರೆತ ಇನ್ನೊಂದು. ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆ, ಕೊರೆತ ಒಳಗೆ ನಡೆಯುತ್ತಲೇ ಇರುತ್ತದೆ. ಮೆಥೊಟ್ರೆಕ್ಸೇಟ್ ಕೊಡುವುದು ಮುಖ್ಯವಾಗಿ ಆ ಕೊರೆತವನ್ನು ತಡೆಯಲಿಕ್ಕೆ. ಹಾಗಾಗಿ ಯಾವ ಸಾರದ ಬಗ್ಗೆ ಓದಿದರೂ ನೋವು ಎಷ್ಟು ತಗ್ಗಿತು ಅಂತ ಕೇಳುವುದರ ಜೊತೆಗೆ, ಊತ ಮತ್ತು ಮೂಳೆಯ ಹಾನಿ ಏನಾಯಿತು ಅಂತಲೂ ಕೇಳಬೇಕು. ಲೇಖನಗಳಲ್ಲಿ ಬಹುತೇಕ ಸಲ ಎರಡನೆಯದಕ್ಕೆ ಉತ್ತರವೇ ಇರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 2020ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಒಂದು ಅಧ್ಯಯನ ಆಯಿತು. ಮೊಣಕಾಲಿನ ಸವೆತ ಇದ್ದು, ಒಳಗೆ ನೀರು ತುಂಬಿ ಊದಿದ್ದ 70 ಜನರನ್ನು ತೆಗೆದುಕೊಂಡರು. ಅರ್ಧ ಜನಕ್ಕೆ ಅರಿಶಿನದ ಸಾರ, ಉಳಿದವರಿಗೆ ಮದ್ದಿಲ್ಲದ ಹುಸಿಮಾತ್ರೆ, 12 ವಾರ. ನೋವು ಅರಿಶಿನದ ಗುಂಪಿನಲ್ಲಿ ಜಾಸ್ತಿ ತಗ್ಗಿತು. ಆದರೆ ಎಂಆರ್‌ಐ ಮಾಡಿ ನೋಡಿದಾಗ ಊತದ ಪ್ರಮಾಣದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಅದು ಬೇರೆ ಕಾಯಿಲೆ, ರುಮಟಾಯ್ಡ್ ಅಲ್ಲ. ಆದರೂ ನೋವು ತಗ್ಗಿದ ಮಾತ್ರಕ್ಕೆ ಉರಿಯೂತ ಇಳಿದಿದೆ ಅಂತ ಅಂದುಕೊಳ್ಳುವ ಹಾಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆಗಳು, ಅಕ್ಕನ ಇಎಸ್‌ಆರ್, ಸಿಆರ್‌ಪಿ, ಈಗ ಎಷ್ಟಿದೆ? ಅವಳಿಗೆ ಹೇಗನಿಸುತ್ತಿದೆ ಅನ್ನುವುದರ ಜೊತೆಗೆ ಅದೂ ತಿಳಿಯಬೇಕು.

ದಾರಿಹೋಕ

ಅಂದರೆ ಈ ಗಿಡಮೂಲಿಕೆ ಎಲ್ಲ ಬರೀ ವ್ಯಾಪಾರ ಅಂತ ಆಯ್ತಲ್ಲ. ನೇರವಾಗಿ ಹಾಗೇ ಹೇಳಿಬಿಡಿ.

ಮದ್ದಿನಮನೆ

ಖಂಡಿತ ಹಾಗಲ್ಲ. ಕೀಲುನೋವಿನ ಔಷಧಗಳ ಚರಿತ್ರೆಯಲ್ಲಿ ಗಿಡಗಳದ್ದೇ ದೊಡ್ಡ ಪಾಲು.

ವಿಲೋ ಮರದ ತೊಗಟೆ ಜ್ವರಕ್ಕೆ ಆಗುತ್ತದೆ ಅಂತ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದರು. ಆ ತೊಗಟೆಯಲ್ಲಿರುವ ಸ್ಯಾಲಿಸಿನ್ ಅನ್ನು 1876ರಲ್ಲಿ ಥಾಮಸ್ ಮ್ಯಾಕ್ಲಗನ್ ಎಂಬ ವೈದ್ಯರು ಕೀಲುಗಳು ಊದುವ ತೀವ್ರ ಜ್ವರಕ್ಕೆ ಕೊಟ್ಟು, ಗುಣ ಕಂಡದ್ದನ್ನು ಪ್ರಕಟಿಸಿದರು. ಅದೇ ಕುಟುಂಬದ ಅಣುವನ್ನು ಮಾರ್ಪಡಿಸಿ 1899ರಲ್ಲಿ ಆಸ್ಪಿರಿನ್ ಮಾರುಕಟ್ಟೆಗೆ ಬಂತು. ಅದು ಕೆಲಸ ಮಾಡುವುದು ಹೇಗೆ ಅಂತ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ದೇಹದಲ್ಲಿ ನೋವು, ಊತ ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ಅದು ತಡೆಯುತ್ತದೆ. 1982ರಲ್ಲಿ ಅವರಿಗೆ ನೊಬೆಲ್ ಬಂತು.

ಗೌಟ್ ತಗೊಳ್ಳಿ. ಯೂರಿಕ್ ಆಸಿಡ್ ಹರಳುಗಳು ಕೀಲಿನಲ್ಲಿ ಕೂತು ಬೆಂಕಿಯಂಥ ನೋವು ಕೊಡುವ ಕಾಯಿಲೆ. ಅದಕ್ಕೆ ಇವತ್ತಿಗೂ ಕೊಡುವ ಕಾಲ್ಚಿಸಿನ್ ಬರುವುದು ಕಾಲ್ಚಿಕಮ್ ಎಂಬ ಗಿಡದಿಂದ. ನಮಗೆ ಗೊತ್ತಿರುವ ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜದಲ್ಲೂ ಅದೇ ಇದೆ. ಹಾಗಂತ ಯಾರೂ ಗೆಡ್ಡೆ ಅರೆದು ಕುಡಿಯಬೇಡಿ. ಕಾಲ್ಚಿಸಿನ್‌ನಲ್ಲಿ ಮದ್ದಿಗೂ ವಿಷಕ್ಕೂ ನಡುವಿನ ಅಂತರ ತೀರಾ ಕಡಿಮೆ. ಗೌಟ್ ಕೆರಳಿದಾಗ ಈಗ ಕೊಡುವುದು ಒಟ್ಟು 2 ಮಿಲಿಗ್ರಾಂಗಿಂತಲೂ ಕಡಿಮೆ. ಒಂದು ಗೆಡ್ಡೆಯಲ್ಲಿ ಎಷ್ಟಿದೆ ಅಂತ ಕಣ್ಣಳತೆಯಲ್ಲಿ ಹೇಳಲು ಯಾರಿಂದಲೂ ಆಗುವುದಿಲ್ಲ. ಅಗ್ನಿಶಿಖೆ ಗೆಡ್ಡೆ ತಿಂದು ಸತ್ತವರ ವರದಿಗಳು ಸಾಕಷ್ಟಿವೆ.

ಗಿಡದಲ್ಲಿ ಮದ್ದಿದೆ, ನಿಜ. ಯಾವ ಅಣು, ಎಷ್ಟು, ಯಾವ ಕಾಯಿಲೆಗೆ ಅಂತ ಗೊತ್ತಾದ ಮೇಲೆಯೇ ಅದನ್ನು ನಂಬಿಕೊಂಡು ಬಳಸಲು ಆಗಿದ್ದು.

ಪ್ರಯೋಗಶಾಲೆ

ಚಿಗುರು ಅವರ ಅಕ್ಕ ತೋರಿಸುವ ಲೇಖನಗಳ ಬಗ್ಗೆ ನಾನು ಹೇಳಬಲ್ಲೆ, ಯಾಕೆಂದರೆ ಅಂಥ ಪ್ರಯೋಗ ಮಾಡುವುದೇ ನನ್ನ ಕೆಲಸ. ಗಿಡದ ಸಾರ ತೆಗೆದು ಮೊದಲು ಜೀವಕೋಶಗಳ ಮೇಲೆ, ಆಮೇಲೆ ಇಲಿಗಳ ಮೇಲೆ ನೋಡುತ್ತೇವೆ. ಲಕ್ಕಿ ಸೊಪ್ಪು, ಅಶ್ವಗಂಧ, ಶುಂಠಿ, ಗುಗ್ಗುಳ, ನುಗ್ಗೆ ಹೀಗೆ ನೂರಾರು ಗಿಡಗಳಿಗೆ ಇಂಥ ಲೇಖನಗಳಿವೆ. ಹೆಚ್ಚಿನವುಗಳ ಫಲಿತಾಂಶ "ಉರಿಯೂತ ತಗ್ಗಿತು" ಅಂತಲೇ ಇರುತ್ತದೆ. ಇದು ಸುಳ್ಳಲ್ಲ. ಆದರೆ ಇದರಿಂದ ಮನುಷ್ಯರಿಗೆ ಏನಾಗುತ್ತದೆ ಅಂತ ಹೇಳಲು ಬರುವುದಿಲ್ಲ.

ತಟ್ಟೆಯಲ್ಲಿರುವ ಕೋಶಕ್ಕೆ ನಾವು ಸಾರವನ್ನು ನೇರವಾಗಿ ಸುರಿಯುತ್ತೇವೆ. ಅಲ್ಲಿ ಹೊಟ್ಟೆ ಇಲ್ಲ, ಕರುಳಿಲ್ಲ, ಯಕೃತ್ತಿಲ್ಲ. ಅರಿಶಿನದ ಮುಖ್ಯ ಅಣುವಾದ ಕರ್ಕ್ಯುಮಿನ್ ಬಾಯಿಂದ ತೆಗೆದುಕೊಂಡರೆ ಕರುಳಿನಲ್ಲಿ ಸ್ವಲ್ಪವೇ ಹೀರಿಕೆಯಾಗುತ್ತದೆ. ಹೀರಿಕೆಯಾದದ್ದನ್ನೂ ಯಕೃತ್ತು ಬೇಗ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತದೆ. ತಟ್ಟೆಯಲ್ಲಿ ಟಿಎನ್‌ಎಫ್ ಇಳಿಸಿದ ಪ್ರಮಾಣ ರಕ್ತದಲ್ಲಿ ಸಿಗುವುದು ತುಂಬಾ ಕಷ್ಟ. ಇನ್ನೊಂದು ತೊಡಕೂ ಇದೆ. ಕರ್ಕ್ಯುಮಿನ್ ಸಿಕ್ಕಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟಿಕೊಳ್ಳುವ, ಬೇಗ ಒಡೆದುಹೋಗುವ ಅಣು. ಪರೀಕ್ಷೆಯಲ್ಲಿ ಕೆಲಸ ಮಾಡಿದ ಹಾಗೆ ತೋರಿಸಿ ದಾರಿ ತಪ್ಪಿಸುವ ಅಣುಗಳ ಗುಂಪಿಗೆ ಅದನ್ನು ಸೇರಿಸಬೇಕು ಅಂತ 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ವಿವರವಾಗಿ ಬರೆಯಿತು. ನಮ್ಮ ಕ್ಷೇತ್ರದಲ್ಲಿ ಅದು ದೊಡ್ಡ ಚರ್ಚೆಯಾಯಿತು.

ಇಲಿಯ ಲೆಕ್ಕಕ್ಕೆ ಬರೋಣ. ಪಾದಕ್ಕೆ ಕ್ಯಾರಜೀನನ್ ಚುಚ್ಚಿ ಊದಿಸುತ್ತೇವೆ. ಅದು ಕೆಲವೇ ಗಂಟೆಗಳ ಊತ. ವರ್ಷಗಟ್ಟಲೆ ಕಾಡುವ ರುಮಟಾಯ್ಡ್‌ಗೂ ಅದಕ್ಕೂ ಹೋಲಿಕೆ ಕಡಿಮೆ. ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುವ ಫ್ರಾಯಿಂಡ್ ಅಡ್ಜುವೆಂಟ್ ಎಂಬ ಮಿಶ್ರಣ ಚುಚ್ಚಿ ತರಿಸುವ ಕೀಲೂತ ಸ್ವಲ್ಪ ಹತ್ತಿರದ್ದು. ಆದರೆ ಎಷ್ಟೋ ಪ್ರಯೋಗಗಳಲ್ಲಿ ಕಾಯಿಲೆ ಬರಿಸುವ ಮೊದಲೇ ಸಾರ ಕೊಡಲು ಶುರು ಮಾಡಿರುತ್ತಾರೆ. ಮನುಷ್ಯರು ವೈದ್ಯರ ಹತ್ತಿರ ಹೋಗುವುದು ಕಾಯಿಲೆ ಬಂದ ಮೇಲೆ ಅಲ್ವಾ?

ಪ್ರಮಾಣವನ್ನೂ ನೋಡಿ. ಇಲಿಗೆ ಕಿಲೋಗೆ 200 ಮಿಲಿಗ್ರಾಂ ಸಾರ ಅನ್ನುವುದು ನಮ್ಮಲ್ಲಿ ಸಾಮಾನ್ಯ. ಮನುಷ್ಯರಿಗೆ ಹೊಂದಿಸಲು ಅದನ್ನು ಸುಮಾರು 6.2ರಿಂದ ಭಾಗಿಸುತ್ತಾರೆ. ಕಿಲೋಗೆ 32 ಮಿಲಿಗ್ರಾಂ ಆಯಿತು. 60 ಕಿಲೋ ತೂಕದವರಿಗೆ ದಿನಕ್ಕೆ 1.9 ಗ್ರಾಂ ಒಣ ಸಾರ. 100 ಗ್ರಾಂ ಒಣಗಿದ ಎಲೆಯಿಂದ 10 ಗ್ರಾಂ ಸಾರ ಬರುತ್ತದೆ ಅಂತ ಇಟ್ಟುಕೊಂಡರೆ ದಿನಕ್ಕೆ 19 ಗ್ರಾಂ ಒಣ ಎಲೆ ಬೇಕು. ಆ ಎಲೆಯ ಸಾರ ಒಂದು ಕ್ಯಾಪ್ಸೂಲಿನಲ್ಲಿ 100 ಮಿಲಿಗ್ರಾಂ ಇದ್ದರೆ ಇಲಿಯ ಫಲಿತಾಂಶಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಸಾರ ಅಂದರೆ ಒಂದೇ ವಸ್ತುವೂ ಅಲ್ಲ. ಅದೇ ಗಿಡವನ್ನು ನೀರಿನಲ್ಲಿ ಕುದಿಸಿದರೆ ಒಂದು ಗುಂಪಿನ ಅಣುಗಳು ಬರುತ್ತವೆ. ಆಲ್ಕೋಹಾಲಿನಲ್ಲಿ ನೆನೆಸಿದರೆ ಇನ್ನೊಂದು, ಹೆಕ್ಸೇನಿನಲ್ಲಿ ಮತ್ತೊಂದು. ಎಲೆಗೂ ಬೇರಿಗೂ ವ್ಯತ್ಯಾಸ. ಕಿತ್ತ ಋತು, ಬೆಳೆದ ಮಣ್ಣು, ಒಣಗಿಸಿದ ರೀತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆಲ್ಕೋಹಾಲಿನ ಸಾರಕ್ಕೆ ಬಂದ ಫಲಿತಾಂಶವನ್ನು ತೋರಿಸಿ ಕಷಾಯ ಕುಡಿಯಿರಿ ಅಂದರೆ ಅದು ತಪ್ಪು ಸಲಹೆ.

ಇಷ್ಟಾದರೂ ನನ್ನ ಕೆಲಸದ ಮೇಲೆ ನನಗೆ ನಂಬಿಕೆ ಇದೆ. ಇಲಿಯ ಪ್ರಯೋಗದಿಂದ ಶುರುವಾದದ್ದು ಮನುಷ್ಯರ ಪರೀಕ್ಷೆಯವರೆಗೆ ಹೋಗಬೇಕು. ನಡುವೆ ನಿಂತುಬಿಡುವುದೇ ನನಗೆ ಬೇಸರ. ಅದಕ್ಕೆ ಹಣ ಹಾಕುವವರು ಸಿಗುವುದಿಲ್ಲ. ಗಿಡದ ಮೇಲೆ ಪೇಟೆಂಟ್ ಸಿಗುವುದು ಕಷ್ಟವಲ್ಲವೇ.

ಬೇರುನಾರು

ನಾನು ಆಯುರ್ವೇದ ವೈದ್ಯ. ಮೇಲಿನ ಇಬ್ಬರ ಮಾತಿನಲ್ಲಿ ಬಹಳಷ್ಟು ಒಪ್ಪುತ್ತೇನೆ. ಒಂದು ಮಾತು ಮಾತ್ರ ಸೇರಿಸಬೇಕು.

ಒಂದು ಗಿಡ, ಅದರೊಳಗಿನ ಒಂದು ಅಣು, ಅದಕ್ಕೊಂದು ಕ್ಯಾಪ್ಸೂಲ್ ಅನ್ನುವುದು ಆಯುರ್ವೇದದ ಕ್ರಮವೇ ಅಲ್ಲ. ನಮ್ಮಲ್ಲಿ ಆಮವಾತ ಅಂತ ವರ್ಣಿಸಿರುವ ಕಾಯಿಲೆಯ ಲಕ್ಷಣಗಳು ರುಮಟಾಯ್ಡ್‌ಗೆ ತುಂಬಾ ಹತ್ತಿರ. ಅದಕ್ಕೆ ಹಲವು ದ್ರವ್ಯ ಸೇರಿಸಿದ ಔಷಧಯೋಗಗಳು, ಪಥ್ಯ, ಶೋಧನೆ ಅಂದರೆ ದೇಹಶುದ್ಧಿ ಎಲ್ಲ ಒಟ್ಟಿಗೆ ಬರುತ್ತವೆ. ರೋಗಿಯಿಂದ ರೋಗಿಗೆ ಚಿಕಿತ್ಸೆ ಬದಲಾಗುತ್ತದೆ. ಒಂದು ಅಣು ಇಲಿಯಲ್ಲಿ ಸೋತರೆ ಆಯುರ್ವೇದ ಸೋತಿತು ಅಂತಲೂ ಅಲ್ಲ, ಗೆದ್ದರೆ ಆಯುರ್ವೇದ ಗೆದ್ದಿತು ಅಂತಲೂ ಅಲ್ಲ.

ಪೂರ್ಣ ಆಯುರ್ವೇದ ಚಿಕಿತ್ಸೆಯನ್ನೇ ಮೆಥೊಟ್ರೆಕ್ಸೇಟಿನ ಎದುರು ಇಟ್ಟು ನೋಡಿದ ಪರೀಕ್ಷೆಯೂ ಇದೆ. ಕೊಯಮತ್ತೂರಿನಲ್ಲಿ ನಡೆದು 2011ರಲ್ಲಿ ಪ್ರಕಟವಾಯಿತು. 43 ರೋಗಿಗಳು, 3 ಗುಂಪು: ಆಯುರ್ವೇದ, ಮೆಥೊಟ್ರೆಕ್ಸೇಟ್, ಎರಡೂ ಸೇರಿ. ಯಾರಿಗೆ ಯಾವುದು ಅಂತ ರೋಗಿಗೂ ಅಳೆಯುವವರಿಗೂ ಗೊತ್ತಾಗದ ಹಾಗೆ ಹುಸಿಔಷಧ ಸೇರಿಸಿ 36 ವಾರ ನಡೆಸಿದರು. ಮೂರೂ ಗುಂಪಿನಲ್ಲಿ ಹತ್ತಿರ ಹತ್ತಿರ ಒಂದೇ ಮಟ್ಟದ ಸುಧಾರಣೆ ಕಂಡಿತು. ವ್ಯಕ್ತಿಗೆ ತಕ್ಕ ಹಾಗೆ ಬದಲಾಗುವ ಚಿಕಿತ್ಸೆಯನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಬಹುದು ಅಂತ ಅದು ತೋರಿಸಿಕೊಟ್ಟಿತು.

ಮದ್ದಿನಮನೆ

ವೈದ್ಯರೇ, ಆ ಪರೀಕ್ಷೆಯ ಮೇಲೆ ನನಗೂ ಗೌರವ ಇದೆ. ಇಷ್ಟು ಶ್ರಮದ ವಿನ್ಯಾಸ ಈ ಕ್ಷೇತ್ರದಲ್ಲಿ ಅಪರೂಪ. ಆದರೆ 43 ಜನರನ್ನು 3 ಗುಂಪು ಮಾಡಿದರೆ ಒಂದೊಂದರಲ್ಲಿ 14-15 ಜನ. ಅಷ್ಟು ಚಿಕ್ಕ ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದರೆ ಎರಡೂ ಸಮ ಅಂತ ಅರ್ಥವಲ್ಲ. ನಿಜವಾದ ವ್ಯತ್ಯಾಸ ಇದ್ದರೂ ಕಣ್ಣಿಗೆ ಬೀಳದೆ ಹೋಗಬಹುದು. ಬರೀ ಹುಸಿಔಷಧದ ಗುಂಪೂ ಇರಲಿಲ್ಲ. ನಡೆಸಿದವರೇ ಅದನ್ನು ಆರಂಭಿಕ ಅಧ್ಯಯನ ಅಂತ ಕರೆದಿದ್ದಾರೆ. ಅದರ ಮೇಲೆ ದೊಡ್ಡದೊಂದು ಪರೀಕ್ಷೆ ಬರಬೇಕು ಅನ್ನುವುದು ನನ್ನ ಆಸೆಯೂ ಹೌದು.

ರುಮಟಾಯ್ಡ್‌ಗೆ ಕರ್ಕ್ಯುಮಿನ್ ಕೊಟ್ಟು ನೋಡಿದ 2012ರ ಅಧ್ಯಯನದ ಕಥೆಯೂ ಇದೇ. 45 ಜನ, 3 ಗುಂಪು, ಡೈಕ್ಲೋಫಿನ್ಯಾಕ್ ಜೊತೆ ಹೋಲಿಕೆ. ಕರ್ಕ್ಯುಮಿನ್ ಗುಂಪಿನ ಅಂಕಿಗಳು ಚೆನ್ನಾಗಿದ್ದವು. ಅಲ್ಲೂ ಹುಸಿಮಾತ್ರೆ ಇರಲಿಲ್ಲ, ಹೋಲಿಸಿದ್ದು ನೋವಿನ ಮಾತ್ರೆಯ ಜೊತೆ. ರುಮಟಾಯ್ಡ್ ತಾನಾಗಿಯೇ ಏರಿಳಿಯುವ ಕಾಯಿಲೆ. ಪರೀಕ್ಷೆಗಳಲ್ಲಿ ಹುಸಿಮಾತ್ರೆ ತೆಗೆದುಕೊಂಡವರಲ್ಲೂ ಒಂದಷ್ಟು ಜನಕ್ಕೆ ಗುಣ ಕಾಣುತ್ತದೆ. ತುಂಬಾ ನೋವಿದ್ದಾಗ ಹೊಸ ಮದ್ದು ಶುರು ಮಾಡುತ್ತೇವೆ, ಆಮೇಲೆ ಏರಿದ್ದು ಇಳಿಯುತ್ತದೆ, ಇಳಿದದ್ದು ಮದ್ದಿನಿಂದ ಅನ್ನಿಸುತ್ತದೆ.

ಗಂಟುನೋವು

ನಾನು ಇದೇ ಕಾಯಿಲೆಯವಳು, ಬಹಳ ವರ್ಷಗಳಿಂದ. ಚಿಗುರು, ನಿಮ್ಮ ಅಕ್ಕನ ವಾಕರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಾತ್ರೆಯ ದಿನ ಹತ್ತಿರ ಬಂದರೇ ಹೊಟ್ಟೆ ತೊಳಸುತ್ತದೆ. ಆ ಕಷ್ಟವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಬಿಡಬೇಡ, ಸಹಿಸಿಕೋ ಅಂತ ಮಾತ್ರ ಹೇಳಿದರೆ ಅವರು ಗುಟ್ಟಾಗಿ ಬಿಡುತ್ತಾರೆ.

ವಾಕರಿಕೆಗೆ ಮಾಡಬಹುದಾದದ್ದು ತುಂಬಾ ಇದೆ. ಫೋಲಿಕ್ ಆಸಿಡ್ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ಕೇಳಿ. ರಾತ್ರಿ ಊಟವಾದ ಮೇಲೆ ಮಾತ್ರೆ ತೆಗೆದುಕೊಂಡರೆ ಕೆಲವರಿಗೆ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಮಾತ್ರೆಯ ಬದಲು ಚರ್ಮದಡಿ ಚುಚ್ಚುವ ಇಂಜೆಕ್ಷನ್ ಇದೆ. ನನಗೆ ಅದು ಎಷ್ಟೋ ಹಗುರ ಅನಿಸಿತು. ಯಾವುದೂ ಆಗದಿದ್ದರೆ ಲೆಫ್ಲುನೊಮೈಡ್, ಸಲ್ಫಸಲಜೀನ್ ಅಂತ ಬೇರೆ ಮದ್ದುಗಳಿವೆ. ಇದನ್ನೆಲ್ಲ ವೈದ್ಯರ ಹತ್ತಿರ ಕೇಳಿ ಮಾಡಿಸಿಕೊಳ್ಳಬೇಕು. ನಾವು ಕೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ನಾನೂ ಮೆಥೊಟ್ರೆಕ್ಸೇಟಿನ ಜೊತೆಗೆ ಒಂದು ಸಾರ ತೆಗೆದುಕೊಳ್ಳುತ್ತೇನೆ. ನನ್ನ ವೈದ್ಯರಿಗೆ ಡಬ್ಬಿ ತೋರಿಸಿಯೇ ಶುರು ಮಾಡಿದ್ದು. ಹೊಸದು ಶುರು ಮಾಡಿದಾಗ ಯಕೃತ್ತಿನ ರಕ್ತಪರೀಕ್ಷೆ ಸ್ವಲ್ಪ ಬೇಗ ಬೇಗ ಮಾಡಿಸಿ ಅಂದರು. ಅಷ್ಟೇ. ಬೈಯಲಿಲ್ಲ.

ಇನ್ನೊಂದು ವಿಷಯ, ದಯವಿಟ್ಟು ಎಲ್ಲರೂ ಗಮನಿಸಿ. ಯಾವುದೋ ಪುಡಿ ಅಥವಾ ಗುಳಿಗೆ 2-3 ದಿನದಲ್ಲೇ ಊತ, ನೋವು ಎಲ್ಲ ಮಾಯ ಮಾಡಿದರೆ ಖುಷಿಪಡುವ ಮೊದಲು ಅನುಮಾನ ಪಡಿ. ಗಿಡಮೂಲಿಕೆ ಅಂತ ಮಾರುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹಸಿವು ಜಾಸ್ತಿಯಾಗುವುದು, ಮುಖ ದುಂಡಗಾಗುವುದು, ಸಕ್ಕರೆ ಏರುವುದು ಅದರ ಗುರುತು.

ಬೇರುನಾರು

ಗಂಟುನೋವು ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಅಂಥ ಪುಡಿ ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸಲೂ ಬಾರದು. ದೇಹ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರ ಕಣ್ಗಾವಲಿನಲ್ಲಿ ನಿಧಾನವಾಗಿ ಇಳಿಸಬೇಕು. ಇಂಥ ಕಲಬೆರಕೆಯಿಂದ ಕೆಟ್ಟ ಹೆಸರು ಬರುವುದು ಪ್ರಾಮಾಣಿಕವಾಗಿ ಕೆಲಸ ಮಾಡುವ ನಮಗೆ. ನನಗೆ ಇದರ ಬಗ್ಗೆ ಬಹಳ ಸಿಟ್ಟಿದೆ.

ಮೊಣಕಾಲು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗಿರುವುದು ರುಮಟಾಯ್ಡ್ ಅಲ್ಲ, ವಯಸ್ಸಿನ ಸವೆತ, ಆಸ್ಟಿಯೋಆರ್ಥ್ರೈಟಿಸ್. ನೋವಿನ ಮಾತ್ರೆ ಐಬುಪ್ರೊಫೇನ್ ತಿಂದರೆ ಹೊಟ್ಟೆ ಉರಿ. ನನಗೆ ಯಾವುದಾದರೂ ಸಾರ ಆಗುತ್ತದಾ?

ಮದ್ದಿನಮನೆ

ನಿಮ್ಮ ವಿಷಯದಲ್ಲಿ ನಾನು ಸ್ವಲ್ಪ ಧೈರ್ಯವಾಗಿ ಮಾತಾಡಬಲ್ಲೆ. ಸವೆತದಲ್ಲಿ ಮುಖ್ಯ ಗುರಿ ನೋವು ತಗ್ಗಿಸಿ ಓಡಾಡುವ ಹಾಗೆ ಮಾಡುವುದು. ಅಲ್ಲಿ ಸಾರಗಳಿಗೆ ಒಂದಿಷ್ಟು ಪುರಾವೆ ಇದೆ.

ಥಾಯ್ಲೆಂಡಿನಲ್ಲಿ ಮೊಣಕಾಲಿನ ಸವೆತ ಇದ್ದ 367 ಜನರಿಗೆ 4 ವಾರ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ ಅಥವಾ 1200 ಮಿಲಿಗ್ರಾಂ ಐಬುಪ್ರೊಫೇನ್ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾಯಿತು. ನೋವು ತಗ್ಗಿಸುವುದರಲ್ಲಿ ಅರಿಶಿನ ಹಿಂದೆ ಬೀಳಲಿಲ್ಲ, ಹೊಟ್ಟೆಯ ತೊಂದರೆಯೂ ಕಡಿಮೆ ಇತ್ತು. ಅದೇ ವರ್ಷ, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ಸವೆತಕ್ಕೆ ಕೊಡುವ ಗಿಡಮೂಲಿಕೆಗಳ 49 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದರು. ಶಲ್ಲಕಿ ಅಂದರೆ ಬಾಸ್ವೆಲಿಯಾ ಮರದ ಅಂಟು. ಸತ್ವ ಹೆಚ್ಚಿಸಿದ ಅದರ ಸಾರವನ್ನು 90 ದಿನ ತೆಗೆದುಕೊಂಡವರಲ್ಲಿ ನೋವು 100ರ ಅಳತೆಯಲ್ಲಿ ಹುಸಿಮಾತ್ರೆಗಿಂತ 17 ಅಂಕ ಜಾಸ್ತಿ ಇಳಿದಿತ್ತು. ಪರೀಕ್ಷೆಗಳು ಚಿಕ್ಕವು. ಆದರೂ ತಳ್ಳಿಹಾಕುವ ಅಂಕಿಯಲ್ಲ. ಅದರಲ್ಲಿರುವ ಬಾಸ್ವೆಲಿಕ್ ಆಮ್ಲಗಳು ಉರಿಯೂತಕ್ಕೆ ಕಾರಣವಾಗುವ 5-ಲೈಪಾಕ್ಸಿಜಿನೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಐಬುಪ್ರೊಫೇನ್ ಮುಟ್ಟದ ದಾರಿ ಅದು.

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇರುವ ಮುಲಾಮು ಕೂಡ ಇದೆ. ಹೊಟ್ಟೆಗೆ ಹೋಗುವುದಿಲ್ಲ, ಅದು ದೊಡ್ಡ ಅನುಕೂಲ. ಮೊದಲು ಉರಿಯುತ್ತದೆ. ದಿನವೂ ಹಚ್ಚುತ್ತಾ ಹೋದರೆ ಆ ಜಾಗದ ನೋವಿನ ನರಗಳು ಮಂದವಾಗುತ್ತವೆ. ಹಚ್ಚಿದ ಕೈ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಅರಿಶಿನದ ಸಾರ ಶುರು ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು.

ಪ್ರಯೋಗಶಾಲೆ

ರುಮಟಾಯ್ಡ್‌ನಲ್ಲಿ ನಿಜವಾಗಿ ದೊಡ್ಡ ಪರಿಣಾಮ ತೋರಿಸಿದ ಗಿಡ ಒಂದಿದೆ, ಅದರ ಮಾತು ಇನ್ನೂ ಬಂದಿಲ್ಲ. ಚೀನಾದ ಟ್ರಿಪ್ಟೆರಿಜಿಯಂ, ಥಂಡರ್ ಗಾಡ್ ವೈನ್ ಅಂತ ಕರೆಯುವ ಬಳ್ಳಿ. ಅದರ ಬೇರಿನ ಸಾರವನ್ನು ಅಮೆರಿಕದಲ್ಲಿ 121 ರೋಗಿಗಳ ಮೇಲೆ ಸಲ್ಫಸಲಜೀನ್ ಎದುರು ನೋಡಿದರು, 2009ರಲ್ಲಿ ಪ್ರಕಟವಾಯಿತು. 24 ವಾರದಲ್ಲಿ ಸಾರದ ಗುಂಪಿನ ಶೇ. 65 ಜನಕ್ಕೆ ಗುಣ ಕಂಡಿತು, ಸಲ್ಫಸಲಜೀನ್ ಗುಂಪಿನಲ್ಲಿ ಶೇ. 33. ನಡುವೆ ಬಿಟ್ಟುಹೋದವರು ಎರಡೂ ಕಡೆ ಬಹಳ. ಆಮೇಲೆ ಚೀನಾದಲ್ಲಿ 207 ಜನರ ಮೇಲೆ ಮೆಥೊಟ್ರೆಕ್ಸೇಟ್ ಎದುರೇ ನೋಡಿದರು. ರೋಗದ ಲಕ್ಷಣ ಅರ್ಧದಷ್ಟು ತಗ್ಗಿದವರು ಮೆಥೊಟ್ರೆಕ್ಸೇಟಿನಲ್ಲಿ ಶೇ. 46, ಸಾರದಲ್ಲಿ ಶೇ. 55, ಎರಡೂ ಸೇರಿಸಿದಾಗ ಶೇ. 77. ಆದರೆ ಯಾರಿಗೆ ಏನು ಕೊಟ್ಟಿದ್ದಾರೆ ಅಂತ ಅಲ್ಲಿ ಮರೆಮಾಚಿರಲಿಲ್ಲ.

ಇದನ್ನು ಓದಿ ಯಾರೂ ತರಿಸಿಕೊಳ್ಳಲು ಹೋಗಬೇಡಿ. ಅದರಲ್ಲಿರುವ ಟ್ರಿಪ್ಟೊಲೈಡ್ ಎಂಬ ಅಣು ಉರಿಯೂತವನ್ನು ತಡೆಯುವ ಹಾಗೆಯೇ ಬೇರೆ ಕೋಶಗಳಿಗೂ ಪೆಟ್ಟು ಕೊಡುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತುಹೋಗಬಹುದು, ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗುತ್ತದೆ. ಎಲೆ, ಹೂವು, ಬೇರಿನ ಸಿಪ್ಪೆ ವಿಷ. ಮೂತ್ರಪಿಂಡ ಮತ್ತು ಯಕೃತ್ತಿಗೂ ಹಾನಿಯಾದ ವರದಿಗಳಿವೆ. ಸಾರ ಬಲವಾಗಿ ಕೆಲಸ ಮಾಡಿದಾಗ ಅಡ್ಡಪರಿಣಾಮವೂ ಬಲವಾಗಿಯೇ ಬರುತ್ತದೆ ಅನ್ನುವುದಕ್ಕೆ ಈ ಬಳ್ಳಿ ಸಾಕ್ಷಿ. ಗಿಡದ್ದು ಅಂದ ಮಾತ್ರಕ್ಕೆ ಮೆದುವಲ್ಲ.

ವಿಲೋ ತೊಗಟೆಯ ಕಥೆ ಇದಕ್ಕೆ ಉಲ್ಟಾ. ಆಸ್ಪಿರಿನ್ನಿಗೆ ದಾರಿ ತೋರಿದ ಮರವೇ ಆದರೂ, 2004ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಅದರ ಸಾರ ಸವೆತದಲ್ಲೂ ರುಮಟಾಯ್ಡ್‌ನಲ್ಲೂ ಹುಸಿಮಾತ್ರೆಗಿಂತ ಮೇಲು ಅಂತ ತೋರಲಿಲ್ಲ.

ಚಿಗುರು

ನಿಮ್ಮೆಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಅಕ್ಕನಿಗೆ ಇಡೀ ಚರ್ಚೆ ಓದಿಸಿದೆ. ಅವಳ ಸಿಆರ್‌ಪಿ ಹೋದ ಸಲಕ್ಕಿಂತ ಜಾಸ್ತಿಯೇ ಇದೆ, ನೋವು ಕಡಿಮೆ ಅನ್ನುತ್ತಿದ್ದರೂ. ಅವಳ ಅರಿಶಿನದ ಕ್ಯಾಪ್ಸೂಲಿನಲ್ಲಿ ಕರಿಮೆಣಸಿನ ಸಾರವೂ ಇದೆಯಂತೆ. ಜೊತೆಗೆ ಅಮೃತಬಳ್ಳಿ ರಸವನ್ನೂ ಕುಡಿಯುತ್ತಿದ್ದಾಳೆ ಅಂತ ಈಗ ಗೊತ್ತಾಯಿತು. ಏನಾದರೂ ತೊಂದರೆ ಇದೆಯಾ?

ಮದ್ದಿನಮನೆ

ಸಿಆರ್‌ಪಿ ಏರಿರುವುದನ್ನು ಈ ವಾರವೇ ವೈದ್ಯರಿಗೆ ತಿಳಿಸಿ.

ಕರಿಮೆಣಸು ಹಾಕುವುದಕ್ಕೆ ಕಾರಣ ಇದೆ. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನಲ್ಲಿರುವ ಪಿಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ದಷ್ಟು ಏರಿತು ಅಂತ 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನ ತೋರಿಸಿತು. ಆಮೇಲೆ ಎಲ್ಲರೂ ಅದನ್ನು ಸೇರಿಸತೊಡಗಿದರು. ಆದರೆ ಯಕೃತ್ತು ಹೊರಹಾಕುವುದನ್ನು ಪಿಪರಿನ್ ತಡೆಯುತ್ತದೆ, ಅದರಿಂದ ಬೇರೆ ಔಷಧಗಳ ಮಟ್ಟವೂ ಏರಬಹುದು. ಅರಿಶಿನದ ಸಾರದಿಂದಲೇ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು 2019ರಲ್ಲಿ ಇಟಲಿಯಲ್ಲೂ ಆಮೇಲೆ ಅಮೆರಿಕದಲ್ಲೂ ದಾಖಲಾಗಿವೆ. ಅಮೆರಿಕದ ಪ್ರಕರಣಗಳಲ್ಲಿ ಹಲವರು ಕರಿಮೆಣಸು ಸೇರಿದ ಉತ್ಪನ್ನವನ್ನೇ ಬಳಸಿದ್ದರು. ಅಡುಗೆಯ ಅರಿಶಿನದ ವಿಷಯವಲ್ಲ ಇದು. ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3 ಮಾತ್ರ, ಕ್ಯಾಪ್ಸೂಲಿನಲ್ಲಿ ಶೇ. 95ರವರೆಗೆ ಇರುತ್ತದೆ.

ಅಮೃತಬಳ್ಳಿಯನ್ನು ಮಾತ್ರ ಇವತ್ತೇ ನಿಲ್ಲಿಸಿ ಅನ್ನುತ್ತೇನೆ. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ 6 ಜನರಲ್ಲಿ ಯಕೃತ್ತಿನ ತೊಂದರೆ ಕಂಡದ್ದನ್ನು ವರದಿ ಮಾಡಿದರು. ಅದು ರಕ್ಷಣಾ ವ್ಯವಸ್ಥೆ ಯಕೃತ್ತಿನ ಮೇಲೆ ತಿರುಗಿಬಿದ್ದಂಥ ಉರಿಯೂತ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡದ ಗುರುತೇ ಸರಿಯಾಗಿ ಪತ್ತೆಯಾಗಿಲ್ಲ ಅಂದಿತು. ವಾದ ಏನೇ ಇರಲಿ, ರಕ್ಷಣಾ ಶಕ್ತಿ ಹೆಚ್ಚಿಸುತ್ತದೆ ಅಂತ ಹೇಳುವ ಯಾವುದನ್ನೂ ಅದೇ ಶಕ್ತಿ ಕೆರಳಿ ಬಂದಿರುವ ಕಾಯಿಲೆಗೆ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮೆಥೊಟ್ರೆಕ್ಸೇಟ್ ಕೂಡ ಯಕೃತ್ತಿನ ಮೇಲೆ ಭಾರ ಹಾಕುತ್ತದೆ. ಒಟ್ಟಿಗೆ ಮೂರು ಭಾರ ಬೇಡ.

ಬೇರುನಾರು

ಅಮೃತಬಳ್ಳಿಯ ಹೆಸರಿನಲ್ಲಿ ಬೇರೆ ಜಾತಿಯ ಬಳ್ಳಿ ಬಂದುಬಿಡುವುದು ನಿಜವಾದ ಸಮಸ್ಯೆ. ಸರಿಯಾದ ಬಳ್ಳಿಯ ಬಗ್ಗೆ ನನ್ನ ಅಭಿಪ್ರಾಯ ಮದ್ದಿನಮನೆಯವರಿಗಿಂತ ಬೇರೆ. ಆದರೆ ಈ ರೋಗಿಯ ವಿಷಯದಲ್ಲಿ, ಯಾರ ನಿಗಾ ಇಲ್ಲದೆ ತಾವೇ ಕುಡಿಯುತ್ತಿರುವಾಗ, ನಿಲ್ಲಿಸಿ ಅಂತ ನಾನೂ ಹೇಳುತ್ತೇನೆ.

ಚಿಗುರು

ನಿಲ್ಲಿಸಿದ್ದಾಳೆ. ರಾತ್ರಿ ಕೂತು ಮಾತಾಡುವಾಗ ಇನ್ನೊಂದು ವಿಷಯ ಹೊರಬಂತು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಾಕರಿಕೆ ಒಂದೇ ಕಾರಣವಲ್ಲ. ಅಕ್ಕ ಮತ್ತು ಭಾವ ಮಗು ಬೇಕು ಅಂದುಕೊಂಡಿದ್ದಾರೆ. ಮೆಥೊಟ್ರೆಕ್ಸೇಟ್ ಇದ್ದಾಗ ಗರ್ಭ ಧರಿಸಬಾರದು ಅಂತ ಅವಳಿಗೆ ಗೊತ್ತು. ಅದಕ್ಕೇ ಗಿಡದ ಮದ್ದಿಗೆ ಬದಲಾಗಲು ಅಷ್ಟು ಹಟ.

ಗಂಟುನೋವು

ಅಯ್ಯೋ, ಇದನ್ನು ಒಬ್ಬಳೇ ಮನಸ್ಸಿನಲ್ಲಿಟ್ಟುಕೊಂಡು ಕೊರಗುತ್ತಿದ್ದಾಳಲ್ಲ. ಅವಳಿಗೆ ಹೇಳಿ, ಈ ಕಾಯಿಲೆ ಇರುವ ಎಷ್ಟೋ ಹೆಂಗಸರು ಆರೋಗ್ಯವಾದ ಮಕ್ಕಳನ್ನು ಹೆತ್ತಿದ್ದಾರೆ. ನಾನೂ ಹೆತ್ತಿದ್ದೇನೆ. ವೈದ್ಯರಿಗೆ ಮೊದಲೇ ಹೇಳಿದ್ದರಿಂದ ಅವರು ಮದ್ದು ಬದಲಿಸಿ, ಕಾಯಿಲೆ ಹತೋಟಿಗೆ ಬರುವವರೆಗೆ ಕಾಯಲು ಹೇಳಿದರು.

ಮದ್ದಿನಮನೆ

ಮೆಥೊಟ್ರೆಕ್ಸೇಟ್ ನಿಲ್ಲಿಸಲು ಇದು ಸರಿಯಾದ ಕಾರಣವೇ. ಆದರೆ ಅದಕ್ಕೆ ಕ್ರಮ ಇದೆ. ಗರ್ಭಕ್ಕೆ ಪ್ರಯತ್ನಿಸುವ 1ರಿಂದ 3 ತಿಂಗಳು ಮೊದಲು ನಿಲ್ಲಿಸುತ್ತಾರೆ. ಬದಲಿಗೆ ಗರ್ಭಿಣಿಯರಿಗೂ ಕೊಡಬಹುದಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜೀನ್ ಇವೆ. ಅವು ಸಾಲದಿದ್ದರೆ ಸರ್ಟೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ, ಅದು ಮಗುವಿಗೆ ದಾಟುವುದು ತೀರಾ ಕಡಿಮೆ. ಲೆಫ್ಲುನೊಮೈಡ್ ಮೇಲೆ ಬಂದಿತ್ತಲ್ಲ, ಅದು ಇವಳಿಗೆ ಆಗುವುದಿಲ್ಲ.

ಸಾರದ ಕ್ಯಾಪ್ಸೂಲುಗಳನ್ನು ಗರ್ಭಿಣಿಯರಲ್ಲಿ ಯಾರೂ ಸರಿಯಾಗಿ ಪರೀಕ್ಷಿಸಿಲ್ಲ. ಗಿಡದ್ದಲ್ವಾ ಅಂತ ಅವನ್ನು ಮುಂದುವರಿಸುವುದು ಬೇಡ. ವೈದ್ಯರ ಹತ್ತಿರ ಹೋಗುವಾಗ ಎಲ್ಲ ಡಬ್ಬಿಗಳನ್ನೂ ತೆಗೆದುಕೊಂಡು ಹೋಗಲಿ, ಮಗುವಿನ ವಿಷಯವನ್ನು ಮೊದಲೇ ಹೇಳಲಿ. ಆ ಭೇಟಿಯವರೆಗೆ ಗರ್ಭ ನಿಲ್ಲದಂತೆ ಜಾಗ್ರತೆ ಇರಲಿ, ಫೋಲಿಕ್ ಆಸಿಡ್ ಬಿಡಬೇಡಿ.

ಚಿಗುರು

ಭಾವನೂ ಜೊತೆಗೆ ಬರುತ್ತಾರಂತೆ. ಸೋಮವಾರಕ್ಕೆ ಸಮಯ ಸಿಕ್ಕಿದೆ. ಹೋಗಿ ಬಂದು ವೈದ್ಯರು ಯಾವ ಮದ್ದಿಗೆ ಬದಲಿಸಿದರು ಅಂತ ಇಲ್ಲೇ ಬರೆಯುತ್ತೇನೆ.